ನಡುವೆ ಹೊಳೆ ಇರಲಿಲ್ಲ

ಚಿತ್ತವಾಡ್ಗಿ, ಹೊಸಪೇಟೆ
ನವೆಂಬರ್ 10, 2024

ಶ್ರೀ ತಿಪ್ಪೇಶ್ ಅವರಿಗೆ, ನಮಸ್ಕಾರ.

ಗಂಡನ ಹೆಸರನ್ನು ಬಾಯಲ್ಲಿ ಆಡಬಾರದು, ಬರೆಯಲೂ ಬಾರದು ಎಂದು ನಮ್ಮವ್ವ ಕಲಿಸಿದ್ದಳು. ಸತ್ತ ಹೆಂಡತಿಗೆ ಆ ಕಟ್ಟಳೆ ಇರಲಾರದು ಎಂದುಕೊಂಡು ಬರೆದಿದ್ದೇನೆ.

ಹೋದ ತಿಂಗಳು ಶೀಗಿ ಹುಣ್ಣಿಮೆಯ ಸಂಜೆ, ಹಂಪಿಯ ವೇದಿಕೆಯ ಮೇಲೆ, ಮೈಕು ಹಿಡಿದು ನೀವು ನನ್ನನ್ನು ಸಾಯಿಸಿದಿರಿ. ಸಾಯಿಸಿದೆ ಎಂದು ನೀವು ಒಪ್ಪುವುದಿಲ್ಲ, ಗೊತ್ತು. ನಿರೂಪಣೆ ಮಾಡುತ್ತಿದ್ದ ಹುಡುಗಿ, 'ಆಚೆಯ ದಡದವಳೇ' ಹಾಡನ್ನು ಯಾರನ್ನು ನೆನೆದು ಬರೆದಿರಿ, ಅವರು ಈಗ ಎಲ್ಲಿದ್ದಾರೆ ಎಂದು ಕೇಳಿದಳು. ನೀವು ಕನ್ನಡಕ ತೆಗೆದಿರಿ. ಹೊಳೆಯ ಕಡೆ ನೋಡಿದಿರಿ. ವೇದಿಕೆ ಹಾಕಿದ್ದ ಜಾಗದಿಂದ ಹೊಳೆ ಕಾಣುವುದಿಲ್ಲ, ಆದರೂ ನೋಡಿದಿರಿ. ಆಮೇಲೆ ಹೇಳಿದಿರಿ: "ಅವಳು ನನ್ನ ಹೆಂಡತಿ. ಆಚೆಯ ದಡಕ್ಕೆ ಹೋದಳು. ಮತ್ತೆ ಬರಲಿಲ್ಲ."

ಆ ಹುಡುಗಿ ಜನರ ಕಡೆ ತಿರುಗಿದಳು. ಅಗಲಿದ ಜೀವಕ್ಕಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ ಎಂದಳು. ತಪ್ಪು ತಿದ್ದಲು ನಿಮಗೆ ಪೂರ್ತಿ ಒಂದು ನಿಮಿಷ ಸಿಕ್ಕಿತ್ತು. ನೀವು ಎಲ್ಲರಿಗಿಂತ ಮೊದಲು ತಲೆ ತಗ್ಗಿಸಿದಿರಿ.

ನಾನೂ ಎದ್ದು ನಿಂತೆ. ಸತ್ತವರಿಗೆಂದು ಊರೇ ಎದ್ದಾಗ ಒಬ್ಬಳೇ ಕೂತಿರುವುದು ಮರ್ಯಾದೆಯಲ್ಲ.

ನಾನಾಗಿ ಅಲ್ಲಿಗೆ ಬಂದವಳಲ್ಲ ಎನ್ನುವುದು ನಿಮಗೆ ಗೊತ್ತಿರಲಿ. ಪಕ್ಕದ ಮನೆಯ ಜಂಬವ್ವ, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವಳು, ಹುಣ್ಣಿಮೆಯ ದಿನ ದೇವರಿಗಾದರೂ ಹೋಗಿ ಬರೋಣ ಎಂದು ಎಳೆದುಕೊಂಡು ಬಂದಳು. ಹಿಂದೆ, ಕಡಲೆಕಾಯಿ ಮಾರುವವರ ಹತ್ತಿರ, ಬೆಳಕು ಬೀಳದ ಕಡೆ ಕೂತಿದ್ದೆವು.

ಈಗ ಹಾಡಿಗೆ ಬರುತ್ತೇನೆ. ನಮ್ಮ ಶಾಖಾ ಗ್ರಂಥಾಲಯದಲ್ಲಿ ಇಷ್ಟು ವರ್ಷ ಪುಸ್ತಕ ಕೊಟ್ಟು ತೆಗೆದುಕೊಂಡು ಮಾಡಿದವಳು ನಾನು. ಕೊಡುವ ಮೊದಲು ಓದುವ ಚಟ ಹತ್ತಿತು. ಹಾಗಾಗಿ ನಿಮ್ಮ ಹಾಡನ್ನು ಕೇಳಿ ಮಾತ್ರ ಬಿಟ್ಟವಳಲ್ಲ, ಓದಿದ್ದೇನೆ.

ಹೊಳೆ ಏರಿತು, ಹರಿಗೋಲು ಮುಳುಗಿತು,
ಆಚೆಯ ದಡದಲಿ ನೀ ಉಳಿದೆ;
ಬರುವೆ ಎಂದವಳೇ, ಬರದೆ ಹೋದವಳೇ,
ಕಂಬಕೆ ಒರಗಿ ನಾ ಕಾದೆ.

ಇಪ್ಪತ್ತೈದು ವರ್ಷದಿಂದ ಈ ನಾಡು ಇದನ್ನು ಹಾಡುತ್ತಿದೆ. ಆಟೊದಲ್ಲಿ ಹಾಕುತ್ತಾರೆ, ಮದುವೆ ಆರತಕ್ಷತೆಯ ಆರ್ಕೆಸ್ಟ್ರಾದಲ್ಲಿ, ಎದುರಿಗೆ ಹೊಸ ಗಂಡ ಹೆಂಡತಿ ಊಟ ಮಾಡುತ್ತಿರುವಾಗಲೂ, ಹಾಡುತ್ತಾರೆ. ಒಬ್ಬರಿಗೂ ಒಂದು ಸಣ್ಣ ಪ್ರಶ್ನೆ ಹೊಳೆಯಲಿಲ್ಲ. ಹೊಸಪೇಟೆ ಯಾವ ದಡದಲ್ಲಿದೆ? ಈಚೆ. ನನ್ನ ತವರು, ನಿಮ್ಮ ಹಾಡಿನ ಚರಣದಲ್ಲೂ ಬರುವ ಕಂಪ್ಲಿ, ಯಾವ ದಡದಲ್ಲಿದೆ? ಅದೂ ಈಚೆ. ಕಮಲಾಪುರ ದಾಟಿ ರಾಮಸಾಗರದ ಮೇಲೆ ಬಸ್ಸು ಹೋಗುತ್ತದೆ. ದಾರಿಯಲ್ಲಿ ಕಾಲುವೆ ಸಿಗುತ್ತದೆ, ಬಾಳೆ ತೋಟ ಸಿಗುತ್ತದೆ, ಗದ್ದೆಗೆ ಇಳಿಯುವ ಎಮ್ಮೆಗಳು ಅಡ್ಡ ಬರುತ್ತವೆ. ಹೊಳೆ ಮಾತ್ರ ಸಿಗುವುದಿಲ್ಲ. ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ, ನಿಜ. ಅದರಿಂದ ತೊಂದರೆ ಗಂಗಾವತಿಗೆ ಹೋಗುವವರಿಗೆ. ನೀವು ಗಂಗಾವತಿಯ ಹೆಣ್ಣನ್ನು ಮದುವೆಯಾಗಿರಲಿಲ್ಲ.

ಬೆಂಗಳೂರಿನವರಿಗೆ ಗೊತ್ತಿಲ್ಲ, ಬಿಡಿ. ಮೈಸೂರಿನವರಿಗೂ ಗೊತ್ತಿಲ್ಲ. ನಮ್ಮೂರಿನ ಜನ, ವಾರಕ್ಕೊಮ್ಮೆ ಕಂಪ್ಲಿಯ ಸಂಬಂಧಿಕರ ಮನೆಗೆ ಹೋಗಿ ಬರುವ ಜನ, ಅದೇ ಬಸ್ಸಿನಲ್ಲಿ ಕೂತು ಈ ಹಾಡು ಕೇಳಿ ಕಣ್ಣು ಒರೆಸಿಕೊಳ್ಳುತ್ತಾರಲ್ಲ, ಅದು ನನಗೆ ಸೋಜಿಗ. ಕಿಟಕಿಯ ಹೊರಗೆ ಒಮ್ಮೆ ನೋಡಿದ್ದರೆ ಸಾಕಿತ್ತು.

ಆ ಹೊಳೆ ಎಲ್ಲಿಂದ ಬಂತೆಂದು ನಿಮಗೆ ಮರೆತಿದ್ದರೆ ನಾನು ನೆನಪಿಸುತ್ತೇನೆ. 1996ರಲ್ಲಿ ಮೊದಲ ಬಾಣಂತನಕ್ಕೆ ಕಂಪ್ಲಿಯ ತವರಿಗೆ ಹೋದೆ. ನೀವು ಆಗ ಅದಿರು ಲಾರಿಗಳ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಸಂಡೂರಿಗೆ ಹೋಗಿ, ಸಂಜೆ ಕೆಂಪು ಧೂಳು ಹೊತ್ತು ಬಂದು, ಕೈಕಾಲು ತೊಳೆಯುವ ಮೊದಲೇ ಕ್ಯಾಸೆಟ್ ಕಂಪನಿಗೆ ಹಾಡು ಬರೆಯಲು ಕೂರುತ್ತಿದ್ದಿರಿ. ಶ್ರಾವಣದಲ್ಲಿ ಹೆಣ್ಣು ಮಗು ಆಯಿತು. ತೊಟ್ಟಿಲಿಗೆ ಹಾಕುವ ದಿನ ತಿಳಿಸಲು ನಮ್ಮಣ್ಣ ಗಾದಿಲಿಂಗಪ್ಪ ಹೊಸಪೇಟೆಗೆ ಬಂದ. ಬಸ್ಸಿನಲ್ಲಿ ಬಂದ, ಚಪ್ಪಲಿಯೂ ಒದ್ದೆಯಾಗಿರಲಿಲ್ಲ. ನೀವು ಅವನಿಗೆ ಚಾ ಕುಡಿಸಿ, "ಹೊಳಿ ಇಳೀಲಿ ಗಾದಿಲಿಂಗಣ್ಣ, ಬರ್ತೀನಿ" ಎಂದು ಹೇಳಿ ಕಳಿಸಿದಿರಿ.

ಅಣ್ಣ ಬಂದು ಇದನ್ನು ಹೇಳಿದಾಗ ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವ್ವ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಯಾವ ಹೊಳೆ ಎಂದು ಕೇಳಿದಳು. ಅಣ್ಣನಿಗೂ ಗೊತ್ತಿರಲಿಲ್ಲ. "ಪದ ಕಟ್ಟೋರಿಗೆ ನಮಗ ಕಾಣದ ಹೊಳಿ ಕಾಣ್ತಾವೇನೋ" ಎಂದು ಅವ್ವ ಎಣ್ಣೆ ಹಚ್ಚುವುದನ್ನು ಮುಂದುವರಿಸಿದಳು. ನಿಮ್ಮ ಕಾವ್ಯದ ಬಗ್ಗೆ ಬಂದ ಮೊದಲ ವಿಮರ್ಶೆ ಅದು. ಅದಕ್ಕಿಂತ ಒಳ್ಳೆಯದು ಈವರೆಗೆ ಯಾರೂ ಬರೆದಿಲ್ಲ.

ತೊಟ್ಟಿಲಿಗೆ ನೀವು ಬರಲಿಲ್ಲ. ಐದನೇ ತಿಂಗಳಿಗೆ ಗಂಡನ ಮನೆಯವರು ಹಸಿರು ಸೀರೆ ತಂದು, ಉಡಿ ತುಂಬಿ, ತಾಯಿ ಮಗುವನ್ನು ಕರೆದುಕೊಂಡು ಹೋಗಬೇಕು. ನಿಮ್ಮ ತಂದೆ ತಾಯಿ ಇರಲಿಲ್ಲ, ಕರೆಯಲು ಬರಬೇಕಾದವರು ನೀವೊಬ್ಬರೇ. ಕರೆಯದ ಮನೆಗೆ ಕೂಸು ಕಟ್ಟಿಕೊಂಡು ತಾನಾಗಿ ಹೋಗುವ ಹೆಣ್ಣನ್ನು ನಮ್ಮ ಓಣಿಯಲ್ಲಿ ಏನೆನ್ನುತ್ತಿದ್ದರು ಎಂದು ನಾನು ಬರೆಯುವುದಿಲ್ಲ. ಐದು ತಿಂಗಳು ಕಳೆಯಿತು. ಆರೂ ಕಳೆಯಿತು. ನಿಮ್ಮ ಹೊಳೆ ಇಳಿಯಲೇ ಇಲ್ಲ. ನಮ್ಮ ಹೊಳೆಯೋ, ಆ ಬೇಸಿಗೆಯಲ್ಲಿ ಕುರಿಗಳು ನಡೆದು ದಾಟುವಷ್ಟು ಇಳಿದಿತ್ತು.

ಕೊನೆಗೆ ಕಟ್ಟಳೆ ಮುರಿದವಳು ನಾನು. ಅವ್ವನಿಗೆ ಹೇಳದೆ ಮಗುವನ್ನು ಎತ್ತಿಕೊಂಡು ಹೊಸಪೇಟೆಯ ಬಸ್ಸು ಹತ್ತಿದೆ. ಮನೆಗೆ ಬೇರೆಯವರ ಬೀಗ ಬಿದ್ದಿತ್ತು. ಮನೆಯ ಮಾಲಕರ ಹೆಂಡತಿ, ನೀವು ಯುಗಾದಿಗೆ ಮೊದಲೇ ಖಾಲಿ ಮಾಡಿ, ಕ್ಯಾಸೆಟ್ ಕಂಪನಿಯವರ ಜೊತೆ ಬೆಂಗಳೂರಿಗೆ ಹೋದಿರೆಂದು ಹೇಳಿದರು. ನೀರು ಕೊಟ್ಟರು. ಮಗು ಅವರ ಜಗುಲಿಯ ಮೇಲೆ ಉಚ್ಚೆ ಹೊಯ್ದಿತು, ಒರೆಸಿ ಎದ್ದೆ. ಹೀಗೆ, ತಿಪ್ಪೇಶ್ ಅವರೇ, ನೀವು 'ಬರದೆ ಹೋದವಳೇ' ಎಂದು ಕರೆದದ್ದು ಬಂದವಳನ್ನು. ನಿಮ್ಮ ಹಾಡು ನಾನು ಮೊದಲೇ ಕೇಳಿದ್ದ ಒಂದು ನೆಪ. ಮೂರು ವರ್ಷ ಬಿಟ್ಟು ಅದಕ್ಕೆ ರಾಗ ಹಾಕಿದಿರಿ, ಅಷ್ಟೇ.

ನನ್ನನ್ನು ಕಳೆದುಹೋದವಳು ಎನ್ನುತ್ತೀರಿ. ಕಳೆದುಹೋದದ್ದನ್ನು ಹುಡುಕುತ್ತಾರೆ. ನಾನು ತವರಿಗೆ ಮರಳದೆ, ಗ್ರಂಥಾಲಯದ ಕೆಲಸ ಹಿಡಿದು, ಆ ವರ್ಷದಿಂದ ಈ ವರ್ಷದವರೆಗೆ ಇದೇ ಚಿತ್ತವಾಡ್ಗಿಯಲ್ಲಿ ಇದ್ದೇನೆ. ಬಸ್ ನಿಲ್ದಾಣದಲ್ಲಿ ಇಳಿದು, ಗ್ರಂಥಾಲಯದ ಕೊಟ್ರಮ್ಮನ ಮನೆ ಎಂದರೆ ಯಾವ ಆಟೊದವನೂ ತಂದು ಬಿಡುತ್ತಾನೆ. ಹಾಡಿನಲ್ಲಿ ನನಗೆ ಬೇರೆ ಹೆಸರಿಟ್ಟಿದ್ದೀರಿ, ಚಂದ್ರಿಕೆ ಎಂದು. ಕೊಟ್ರಮ್ಮ ಎಂದರೆ ರಾಗಕ್ಕೆ ಕೂರುವುದಿಲ್ಲ, ಒಪ್ಪಿದೆ. ಆದರೆ ಚಂದ್ರಿಕೆಗೆ ನಿಮ್ಮ ಮಗುವಿನ ಭೇದಿ ಬಳಿಯುವ ಕೆಲಸ ಬರಲಿಲ್ಲ ನೋಡಿ. ಅದೆಲ್ಲ ಕೊಟ್ರಮ್ಮನ ಪಾಲಿಗೇ ಉಳಿಯಿತು.

ಬರೀ ನಿಮ್ಮದಲ್ಲ, ಈ ಕಾಯುವ ಹಾಡುಗಳ ಕುಲವನ್ನೇ ನಾನು ನೋಡಿದ್ದೇನೆ. ಅವುಗಳಲ್ಲಿ ಕಾಯುವ ಗಂಡಸಿಗೆ ಹಸಿವೆಯಾಗುವುದಿಲ್ಲ, ನಾಳೆ ಕೆಲಸಕ್ಕೆ ಹೋಗಬೇಕಾಗಿಲ್ಲ, ಕಾಗದ ಬರೆಯಲು ಕೈ ಬರುವುದಿಲ್ಲ, ಬಸ್ಸಿನ ಸಮಯ ಗೊತ್ತಿಲ್ಲ. ಅವನು ಕಂಬಕ್ಕೆ ಒರಗುತ್ತಾನೆ. ಒರಗಿದವನನ್ನು ಜನ ಹೊಗಳುತ್ತಾರೆ. ಬೀಸುವ ಕಲ್ಲಿನ ಮುಂದೆ ಕೂತು ನಮ್ಮ ಅಜ್ಜಿಯರೂ ಕಾಯುವ ಪದ ಹೇಳಿದರು. ಆದರೆ ಪದ ಮುಗಿಯುವ ಹೊತ್ತಿಗೆ ಮಕ್ಕಳಿಗೆ ರೊಟ್ಟಿಗಾಗುವಷ್ಟು ಹಿಟ್ಟು ಬಿದ್ದಿರುತ್ತಿತ್ತು. ನಿಮ್ಮ ಹಾಡು ಮುಗಿದಾಗ ಏನು ಬಿದ್ದಿರುತ್ತದೆ? ನಿಮ್ಮ ಹೆಗಲಿಗೆ ಒಂದು ಶಾಲು.

ಕಂಬದ ಮಾತು ಬಂತು. ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿ ಒಂದನ್ನು ಈಗ ಗೈಡುಗಳು ತೋರಿಸುತ್ತಾರೆ, ಕವಿಗಳು ಕಾದ ಕಂಬ ಇದೇ ಎಂದು. ಸ್ವಂತ ಮನೆಯಾಗಲಿ ಎಂದು ಹರಕೆ ಹೊತ್ತವರು ಹಂಪಿಯಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಇಡುವುದುಂಟಲ್ಲ, ಆ ಕಂಬದ ಬುಡದಲ್ಲಿ ಪ್ರೇಮಿಗಳು ಹಾಗೆ ಪೇರಿಸತೊಡಗಿದ್ದಾರೆ. ಕಾವಲಿನವರು ಕೆಡವುತ್ತಾರೆ, ಇವರು ಮತ್ತೆ ಪೇರಿಸುತ್ತಾರೆ. ಬಜಾರಿನಿಂದ ಅಂಗಡಿಗಳನ್ನು ತೆರವು ಮಾಡುವ ಮೊದಲು ಆ ಕಂಬದ ಹಿಂದೆ ಏನಿತ್ತು ಎನ್ನುವುದು ನನಗೆ ನೆನಪಿದೆ. ತೋಟಪ್ಪನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ಅಂಗಡಿ. ಭಾನುವಾರ ನೀವು ಗೆಳೆಯರ ಜೊತೆ ಅಲ್ಲಿಯ ಬೆಂಚಿನ ಮೇಲೆ ಕೂರುತ್ತಿದ್ದಿರಿ, ಮದುವೆಯಾದ ಹೊಸದರಲ್ಲಿ ನನ್ನನ್ನೂ ಕೂರಿಸಿದ್ದಿರಿ. ತೋಟಪ್ಪ ಈಗ ಮುದುಕ, ಕಮಲಾಪುರದಲ್ಲಿ ಮಗನ ಅಂಗಡಿಯಲ್ಲಿ ಕೂರುತ್ತಾನೆ. ಮೊನ್ನೆ ಸಿಕ್ಕಾಗ ಕೇಳಿದೆ. "ಕಾಯ್ತಿದ್ರು ಬಿಡ್ರೆವ್ವ, ಸುಳ್ಳಲ್ಲ. ಎರಡನೇ ಘಾಣಕ್ಕ ಕರಿದ ಮಿರ್ಚಿ ಬಿಸಿ ಇರ್ತಾವಂತ ಕಾಯ್ತಿದ್ರು" ಎಂದ.

ನಿಮ್ಮ ಹಾಡುಗಳ ಪುಸ್ತಕ ನಮ್ಮ ಗ್ರಂಥಾಲಯಕ್ಕೂ ಬಂತು. ಚೀಟಿ ಅಂಟಿಸಿದವಳು ನಾನು, ಮುದ್ರೆ ಒತ್ತಿದವಳು ನಾನು. ಕಾಲೇಜಿನ ಹುಡುಗಿಯರು ಸರದಿಯಲ್ಲಿ ಒಯ್ಯುತ್ತಿದ್ದರು. ಒಬ್ಬಳು ಮರಳಿಸುವಾಗ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕೇಳಿದಳು, "ಇಂಥ ಗಂಡಸ್ರು ಈಗಿನ ಕಾಲದಾಗ ಸಿಗ್ತಾರೇನ್ರಿ ಮೇಡಂ?" ಬೇಕಾದಷ್ಟು ಸಿಗುತ್ತಾರೆ ಎಂದೆ. ಅವಳಿಗೆ ಸಂತೋಷವಾಯಿತು.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ನನ್ನನ್ನು ಓಡಿಹೋದವಳೆಂದು ಹಾಡಿದಿರಿ, ಕೇಳಿದೆ. ಮರೆತವಳೆಂದು ಹಾಡಿದಿರಿ, ಕೇಳಿದೆ. ಅದರಿಂದ ನನ್ನ ಕೆಲಸ ಹೋಗಲಿಲ್ಲ, ಮಗಳ ಓದು ನಿಲ್ಲಲಿಲ್ಲ. ಆದರೆ ಈ ಸಲ ನೀವು ಸಾಯಿಸಿದ್ದು ನನ್ನೊಬ್ಬಳನ್ನಲ್ಲ.

ನಿಮ್ಮ ಮಗಳ ಹೆಸರು ಶಿಲ್ಪಶ್ರೀ. ಸಂಡೂರಿನ ಒಂದು ಗಣಿಯ ಪ್ರಯೋಗಾಲಯದಲ್ಲಿ ಕೆಲಸ. ಲಾರಿಗಳಿಂದ ಹಿಡಿ ಹಿಡಿ ಅದಿರು ತಂದು ಪುಡಿ ಮಾಡಿ, ಅದರಲ್ಲಿ ಕಬ್ಬಿಣ ಎಷ್ಟು, ಮಣ್ಣು ಎಷ್ಟು ಎಂದು ಹೇಳುವುದು ಅವಳ ಕೆಲಸ. ನಿಮ್ಮ ಹಾಡನ್ನೂ ಒಂದು ಹಿಡಿ ಕೊಟ್ಟು ನೋಡಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅಲ್ಲಿಯದೇ ಒಂದು ಒಳ್ಳೆಯ ಮನೆತನದಿಂದ ಸಂಬಂಧ ಕೂಡಿಬಂದಿತ್ತು, ಹುಡುಗ ಅವಳನ್ನು ಮೆಚ್ಚಿದ್ದ, ಅವಳೂ ಮೆಚ್ಚಿದ್ದಳು. ದೀಪಾವಳಿ ಕಳೆದ ಮೇಲೆ ನಿಶ್ಚಯ ಎಂದು ಮಾತಾಗಿತ್ತು. ತಂದೆ ಯಾರು ಎಂದು ಕೇಳಿದ್ದಕ್ಕೆ ನಾನು ಮುಚ್ಚಿಟ್ಟಿರಲಿಲ್ಲ. ಬೇರೆ ಇದ್ದಾರೆ, ಹಾಡು ಬರೆಯುತ್ತಾರೆ ಎಂದಿದ್ದೆ. ಅವರಿಗೆ ಅದು ಹೆಮ್ಮೆಯಾಗಿಯೇ ಕಂಡಿತ್ತು.

ಶೀಗಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ನಿಮ್ಮ ಮೌನದ ವಿಡಿಯೊ ಎಲ್ಲರ ಫೋನಿಗೂ ಬಂತು. ಜಂಬವ್ವ ಅದನ್ನು ಹಿಡಿದುಕೊಂಡು ಓಡಿಬಂದು ನನ್ನ ಅಡುಗೆ ಮನೆಯಲ್ಲಿ ಕೂತು ನೋಡಿದಳು, ಮತ್ತೆ ಹಾಕಿ ನೋಡಿದಳು. "ಸತ್ತಾಕಿ ಕೈಯಾಗ ಚಾ ಕುಡಿದ್ರ ನಡೀತೈತೇನವ್ವಾ?" ಎಂದಳು. ಸಕ್ಕರೆ ಹಾಕಿದರೆ ನಡೆಯುತ್ತದೆ ಎಂದೆ. ಇಬ್ಬರೂ ನಕ್ಕೆವು. ಸಂಡೂರಿನಿಂದ ಮಗಳು ಫೋನ್ ಮಾಡಿದಳು. "ನಿನ್ನ ಮಣ್ಣಿಗೆ ನೀನ ಹೋಗಿ ಬಂದ್ಯೇನವ್ವಾ?" ಎಂದು ಅವಳೂ ನಗುತ್ತಲೇ ಶುರು ಮಾಡಿದಳು. ನಗು ಅರ್ಧಕ್ಕೆ ನಿಂತಿತು.

ಅದಾದ ವಾರಕ್ಕೆ ಹುಡುಗನ ತಾಯಿ ಸುನಿತಾ ಮನೆಗೆ ಬಂದರು. ಹಣ್ಣು ತಂದಿದ್ದರು. ಕೆಟ್ಟ ಹೆಂಗಸಲ್ಲ, ಕುಂದ್ರಿ ಅಂದರೆ ಕೂತರು, ಚಾ ಕುಡಿದರು, ಸೆರಗು ಸರಿಮಾಡಿಕೊಂಡು ನಿಧಾನಕ್ಕೆ ಕೇಳಿದರು. "ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ. ಅವರ ಹೆಂಡ್ತಿ ತೀರಿಕೊಂಡಾರಂತ ಅವರ ಮುಂದನ ಊರೆಲ್ಲ ಎದ್ದು ನಿಂತೈತಿ. ಹಂಗಾದ್ರ ನೀವು ಅವರಿಗೆ ಏನಾಗಬೇಕ್ರಿ?"

ನಿಮ್ಮ ಯಾವ ಹಾಡಿನಲ್ಲೂ ಇಂಥ ಸಾಲು ಇಲ್ಲ. ಏನಾಗಬೇಕು ನಾನು ನಿಮಗೆ? ಮದುವೆಯ ಫೋಟೊ ತಂದು ತೋರಿಸಿದೆ. ಅವರು ನೋಡಿ ತಲೆಯಾಡಿಸಿದರು. ತಮಗೆ ನಂಬಿಕೆ ಇದೆ, ಮನೆಯ ಹಿರಿಯರು ಕೇಳುತ್ತಾರೆ, ತಾಯಿ ಕಟ್ಟಿಕೊಂಡವಳೋ ಇಟ್ಟುಕೊಂಡವಳೋ ಎಂದು ತಮ್ಮ ಓಣಿಯಲ್ಲಿ ಮಾತು ಬಂದಿದೆ, ಸ್ವತಃ ಹುಡುಗಿಯ ತಂದೆಯೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು ಎಂದರು. ನಿಶ್ಚಯವನ್ನು ಸದ್ಯಕ್ಕೆ ಮುಂದೆ ಹಾಕೋಣ ಎಂದು ಎದ್ದರು. ಹಣ್ಣನ್ನು ಬಿಟ್ಟು ಹೋದರು.

ಮಗಳು, ಮದುವೆ ಹೋದರೆ ಹೋಗಲಿ, ಯಾರನ್ನೂ ಬೇಡಬೇಡ ಎಂದಿದ್ದಾಳೆ. ಹೇಳಿದ್ದು ಗಟ್ಟಿಯಾಗಿಯೇ. ಆದರೆ ಅವಳ ಫೋನಿನ ರಿಂಗ್‌ಟೋನು ನಿಮ್ಮ ಹಾಡಾಗಿತ್ತು, ಕಾಲೇಜಿನ ದಿನದಿಂದಲೂ. ತೆಗಿ ಎಂದು ನಾನು ಬೈದಾಗಲೆಲ್ಲ, ಅಪ್ಪನ ದನಿ ಹಂಗಾದರೂ ಕೇಳಲಿ ಬಿಡು ಎನ್ನುತ್ತಿದ್ದಳು. ಮೊನ್ನೆ ಮನೆಗೆ ಬಂದಾಗ ಅವಳ ಫೋನು ಬರೀ ಟ್ರಿಣ್ ಟ್ರಿಣ್ ಎಂದಿತು.

ಹಾಗಾಗಿ ಈಗ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಡಿಸೆಂಬರ್ ಒಂದರ ಭಾನುವಾರ ಹೊಸಪೇಟೆಯಲ್ಲಿ ನಿಮ್ಮ ಹಾಡಿಗೆ ಬೆಳ್ಳಿಹಬ್ಬ. ಆಮಂತ್ರಣ ಪತ್ರಿಕೆ ಗ್ರಂಥಾಲಯಕ್ಕೂ ಬಂದಿದೆ. ಅಗಲಿದ ಚಂದ್ರಿಕೆಯ ನೆನಪಿಗೆ ದೀಪ ಬೆಳಗಿಸುತ್ತೀರಂತೆ. ದೀಪ ಹಚ್ಚುವ ಮೊದಲು ಮೈಕಿನ ಮುಂದೆ ನಿಲ್ಲಿ. ಹೊಳೆಯ ಕಡೆ ನೋಡಬೇಡಿ, ಜನರ ಕಡೆ ನೋಡಿ. ನನ್ನ ಹೆಂಡತಿಯ ಹೆಸರು ಕೊಟ್ರಮ್ಮ, ಅವಳು ಸತ್ತಿಲ್ಲ, ಇದೇ ಊರಿನ ಚಿತ್ತವಾಡ್ಗಿಯಲ್ಲಿದ್ದಾಳೆ ಎಂದು ಹೇಳಿ. ಸಂಡೂರಿನಲ್ಲಿರುವ ಶಿಲ್ಪಶ್ರೀ ನನ್ನ ಮಗಳು ಎಂದು ಹೇಳಿ. ಅವರನ್ನು ಕರೆಯಲು ನಾನು ಹೋಗಲಿಲ್ಲ, ನಡುವೆ ಹೊಳೆ ಇರಲಿಲ್ಲ ಎಂದು ಹೇಳಿ. ಇಷ್ಟಕ್ಕೆ ರಾಗ ಬೇಡ. ಆಮೇಲೆ ಹಾಡುವುದಿದ್ದರೆ ಹಾಡಿ, ಕೇಳುವವರು ಉಳಿದಿದ್ದರೆ.

ನನಗೆ ಕಾಗದ ಬರೆಯಬೇಡಿ. ಫೋನ್ ಮಾಡಬೇಡಿ. ನನ್ನ ಸಾವನ್ನು ಊರ ಮುಂದೆ ಸಾರಿದವರು ನೀವು. ನಾನು ಬದುಕಿರುವುದನ್ನೂ ಊರ ಮುಂದೆಯೇ ಹೇಳಬೇಕು. ಹೇಳುತ್ತೀರೋ ಇಲ್ಲವೋ?

ಇಂತಿ,
ಈಚೆ ದಡದ
ಕೊಟ್ರಮ್ಮ

ತಾ.ಕ.: ಜಂಬವ್ವ ಎಳೆದುಕೊಂಡು ಬಂದಳು ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಆ ಹುಣ್ಣಿಮೆಗೆ ಜಂಬವ್ವ ದರೋಜಿಯಲ್ಲಿ ತನ್ನ ಮಗಳ ಮನೆಯಲ್ಲಿದ್ದಳು, ಮರಳಿದ್ದು ಮರುದಿನ ಬೆಳಿಗ್ಗೆ. ನಾನೊಬ್ಬಳೇ ಬಂದಿದ್ದೆ, ಹಸಿರು ಸೀರೆ ಉಟ್ಟುಕೊಂಡು. ಕತ್ತಲಲ್ಲಿ ಕೂತಿರಲಿಲ್ಲ, ಮುಂದಿನ ಸಾಲಿನಲ್ಲಿದ್ದೆ. ಮೌನ ಮುಗಿದು ನೀವು ತಲೆ ಎತ್ತಿದಾಗ ನನ್ನನ್ನು ನೋಡಿದಿರಿ. ಗುರುತು ಸಿಕ್ಕಿತು, ನಿಮ್ಮ ಕೈ ಶಾಲಿನ ಅಂಚನ್ನು ಹಿಡಿದುಕೊಂಡಿತು. ಆಮೇಲೆ ಕನ್ನಡಕ ಹಾಕಿಕೊಂಡು ಪಲ್ಲವಿಯಿಂದ ಶುರು ಮಾಡಿದಿರಿ. ಇದನ್ನು ಮಗಳಿಗೆ ಹೇಳಿಲ್ಲ. ಹಾಡು ಮುಗಿಯುವವರೆಗೆ ನಾನು ಎದ್ದು ಹೋಗಲಿಲ್ಲ. ಇಳಿದು ಬರುತ್ತೀರೇನೋ ಎಂದು ಕಾದೆ.